ಐಪಿ (ದಿವಾಳಿ ಅರ್ಜಿ) ಹಾಕುವ ಮೊದಲು ಸೈಟನ್ನು ಹೆಂಡತಿ ಹೆಸರಿಗೆ ಬರೆಯಬಹುದೇ?

ಪ್ರಶ್ನೆ: ದಾವಣಗೆರೆಯಲ್ಲಿ ಹನ್ನೊಂದು ವರ್ಷದಿಂದ ಬಟ್ಟೆ ಅಂಗಡಿ ನಡೆಸುತ್ತಿದ್ದೇನೆ. ಎರಡು ವರ್ಷದಿಂದ ವ್ಯಾಪಾರ ಬಿದ್ದುಹೋಗಿದೆ. ಮನೆ ಅಡ ಇಟ್ಟು ಬ್ಯಾಂಕಿನಿಂದ ತಂದ ಸಾಲ 14 ಲಕ್ಷ ಇದೆ. ಮನೆ ಮಾರಿದರೆ ಅದಕ್ಕೆ ಸರಿಹೋಗಬಹುದು. ಅದು ಬಿಟ್ಟು ಪರ್ಸನಲ್ ಲೋನ್ 5 ಲಕ್ಷ, ಕ್ರೆಡಿಟ್ ಕಾರ್ಡ್ 2 ಲಕ್ಷ, ಸಗಟು ವ್ಯಾಪಾರಿಗೆ 6 ಲಕ್ಷ (ಚೆಕ್ ಕೊಟ್ಟಿದ್ದೇನೆ), ಚೀಟಿ ಬಾಕಿ 3 ಲಕ್ಷ (ಭಾವಮೈದ ಶ್ಯೂರಿಟಿ), ಮಾವನವರ ಕೈಗಡ 4 ಲಕ್ಷ, ಜಿಎಸ್‌ಟಿ 80 ಸಾವಿರ. ನನ್ನ ಹೆಸರಲ್ಲಿ ಒಂದು ಸೈಟಿದೆ, 12 ಲಕ್ಷ ಬಾಳುತ್ತದೆ. ಅಂಗಡಿಯಲ್ಲಿ ಸುಮಾರು 3 ಲಕ್ಷದ ಸರಕಿದೆ. ಸೈಟನ್ನು ಹೆಂಡತಿಗೆ ದಾನಪತ್ರ ಮಾಡಿ, ಸರಕು ಮಾರಿ ಮಾವನವರಿಗೆ ಆದಷ್ಟು ಕೊಟ್ಟು, ಆಮೇಲೆ ಐಪಿ ಹಾಕೋಣ ಅಂತಿದ್ದೇನೆ. ಹಾಕಿದ ಮೇಲೆ 180 ದಿನ ಯಾರೂ ಮುಟ್ಟೋ ಹಾಗಿಲ್ಲ ಅಂತ ಪರಿಚಯದವರು ಹೇಳಿದರು. ಊರಲ್ಲಿ ಯಾರಿಗೂ ಗೊತ್ತಾಗದ ಹಾಗೆ ಇದೆಲ್ಲ ಮಾಡೋಕೆ ಆಗುತ್ತಾ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಸಮಾಧಾನ ಕೊಟ್ಟ ಮಾತು ಒಂದೇ, ‘ಅಂತಿದ್ದೇನೆ’. ಇನ್ನೂ ಮಾಡಿಲ್ಲ ಅಲ್ವಾ? ಹಾಗಾದರೆ ದಯವಿಟ್ಟು ಸಬ್ ರಿಜಿಸ್ಟ್ರಾರ್ ಕಚೇರಿ ಕಡೆ ತಲೆ ಹಾಕಬೇಡಿ. ನೀವು ಹಾಕಿಕೊಂಡಿರುವ ಲೆಕ್ಕದಲ್ಲಿ ಸೈಟಿನದ್ದು ತಪ್ಪು, ಮಾವನವರದ್ದು ತಪ್ಪು, 180 ದಿನದ್ದಂತೂ ಬೇರೆ ಯಾರದ್ದೋ ಕಾನೂನು.

ಅದನ್ನೇ ಮೊದಲು ಮುಗಿಸಿಬಿಡೋಣ. 2016ರಲ್ಲಿ ಬಂದ ದಿವಾಳಿ ಸಂಹಿತೆ, ಅಂದರೆ ಎಲ್ಲರೂ ಐಬಿಸಿ ಅನ್ನುವುದು, ಅದರಲ್ಲಿ ವ್ಯಕ್ತಿಗಳ ದಿವಾಳಿಗೂ ಒಂದು ಭಾಗವಿದೆ. 180 ದಿನದ ತಡೆ ಇರುವುದು ಅಲ್ಲೇ. ಆದರೆ ಆ ಭಾಗ 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದಿರುವುದು ಕಂಪನಿಯ ಸಾಲಕ್ಕೆ ಸ್ವಂತ ಜಾಮೀನು ನಿಂತವರಿಗೆ ಮಾತ್ರ. ನಿಮ್ಮ ಹಾಗೆ ಸ್ವಂತ ಅಂಗಡಿ ಇಟ್ಟವರಿಗೆ, ಸಂಬಳದವರಿಗೆ ಅದು ಇನ್ನೂ ಬಂದಿಲ್ಲ. ಇಂಟರ್ನೆಟ್ಟಿನಲ್ಲಿ ಕಾಯ್ದೆ ತೆಗೆದು ಓದಿದರೆ ಎಲ್ಲ ಕಲಮುಗಳೂ ಅಚ್ಚುಕಟ್ಟಾಗಿ ಕಾಣುತ್ತವೆ, ಯಾವುದು ಜಾರಿಯಲ್ಲಿದೆ ಯಾವುದು ಇಲ್ಲ ಅನ್ನುವುದು ಕಾಣುವುದಿಲ್ಲ. ಓದಿಕೊಂಡವರೂ ಎಡವುವುದು ಇಲ್ಲೇ. ‘ಐಬಿಸಿ ಕೆಳಗೆ ಹಾಕಿ ಸಾಲ ಮನ್ನಾ ಮಾಡಿಸ್ತೀವಿ’ ಅಂತ ಫೀಸು ಕೇಳುವ ಏಜೆನ್ಸಿಗಳಿಗೆ ಬಂಡವಾಳ ಆಗಿರುವುದೂ ಇದೇ.

ನಿಮಗೆ ಅನ್ವಯಿಸುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಬ್ರಿಟಿಷರ ಕಾಲದ್ದೇ, ಆದರೂ ಬದುಕಿದೆ. ಅದರ ಕೆಳಗೆ ಕೊಡುವ ಇನ್‌ಸಾಲ್ವೆನ್ಸಿ ಪಿಟಿಷನ್ನಿಗೇ ಜನ ‘ಐಪಿ’ ಅನ್ನುವುದು. ನೀವು ವಾಸ ಮಾಡುವ ಅಥವಾ ವ್ಯಾಪಾರ ಮಾಡುವ ಜಾಗದ ಸಿವಿಲ್ ಕೋರ್ಟಿನಲ್ಲಿ ಹಾಕಬೇಕು. ಸಾಲ 500 ರೂಪಾಯಿಗಿಂತ ಕಡಿಮೆ ಇರಬಾರದು, ತೀರಿಸಲು ಆಗುತ್ತಿಲ್ಲ ಅಂತ ತೋರಿಸಬೇಕು. ಒಳಗೆ ಹೋಗುವ ಬಾಗಿಲು ಅಷ್ಟು ಅಗಲ. ಹೊರಗೆ ಬರುವ ಬಾಗಿಲು ಬೇರೆ, ಅದು ಕಿರಿದು. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರಿಗೆ ಆ ಎರಡನೇ ಬಾಗಿಲು ಇದೆ ಅಂತಲೇ ಗೊತ್ತಿರುವುದಿಲ್ಲ.

ಕೋರ್ಟು ‘ಈತ ದಿವಾಳಿ’ ಅಂತ ಆದೇಶ ಮಾಡಿದ ದಿನ ನಿಮ್ಮ ಸಾಲ ತೀರುವುದಿಲ್ಲ. ಆ ದಿನ ಆಗುವುದು ಇಷ್ಟು: ನಿಮ್ಮ ಆಸ್ತಿ ಕೋರ್ಟಿನ ಅಥವಾ ಕೋರ್ಟು ನೇಮಿಸಿದ ರಿಸೀವರ್ ಕೈಗೆ ಹೋಗುತ್ತದೆ. ಸಾಲ ಕೊಟ್ಟವರು ಕೋರ್ಟಿನ ಅನುಮತಿ ಇಲ್ಲದೆ ನಿಮ್ಮ ಮೇಲೆ ಹೊಸ ದಾವೆ ಹೂಡುವ ಹಾಗಿಲ್ಲ. ರಿಸೀವರ್ ಆಸ್ತಿ ಮಾರಿ ಎಲ್ಲರಿಗೂ ಪ್ರಮಾಣಕ್ಕೆ ತಕ್ಕಂತೆ ಹಂಚುತ್ತಾರೆ. ಉಳಿದ ಸಾಲದಿಂದ ನಿಮ್ಮನ್ನು ಬಿಡಿಸುವುದು ‘ಡಿಸ್ಚಾರ್ಜ್’ ಅನ್ನುವ ಇನ್ನೊಂದು ಆದೇಶ. ಅದಕ್ಕೆ ಬೇರೆ ಅರ್ಜಿ, ಬೇರೆ ವಿಚಾರಣೆ. ನೀವು ಇವತ್ತು ಮಾಡಬೇಕು ಅಂದುಕೊಂಡಿರುವುದನ್ನೆಲ್ಲ ನ್ಯಾಯಾಧೀಶರು ತೂಗುವುದು ಆ ದಿನ.

ಈಗ ಸೈಟಿಗೆ ಬರೋಣ. ದಾನಪತ್ರ ಮಾಡಿದ ಎರಡು ವರ್ಷದೊಳಗೆ ಐಪಿ ಹಾಕಿ ನೀವು ದಿವಾಳಿ ಅಂತ ಆದರೆ, ರಿಸೀವರ್ ಕೇಳಿದಾಗ ಕೋರ್ಟು ಆ ದಾನಪತ್ರವನ್ನು ರದ್ದು ಮಾಡಬಹುದು. ಸರಿಯಾದ ಬೆಲೆ ಕೊಟ್ಟು, ಒಳ್ಳೆಯ ನಂಬಿಕೆಯಿಂದ ಕೊಂಡವರಿಗೆ ರಕ್ಷಣೆ ಇದೆ. ಪ್ರೀತಿ ವಿಶ್ವಾಸಕ್ಕೆ ಬರೆದುಕೊಟ್ಟ ದಾನಕ್ಕೆ ಇಲ್ಲ. ‘ಹಾಗಾದರೆ ಬರೆದು ಎರಡು ವರ್ಷ ಸುಮ್ನೆ ಇರ್ತೀನಿ’ ಅಂತೀರೇನೋ. ಆ ಎರಡು ವರ್ಷ ಸಾಲಗಾರರು, ಅಂದರೆ ಸಾಲ ಕೊಟ್ಟವರು, ಸುಮ್ಮನಿರಬೇಕಲ್ಲ! ಸಾಲ ತಪ್ಪಿಸಲು ಆಸ್ತಿ ಬರೆದುಕೊಡುವುದನ್ನು ಕಾಯ್ದೆ ದಿವಾಳಿಯ ಕೃತ್ಯ ಅಂತಲೇ ಕರೆಯುತ್ತದೆ. ಅದಾದ ಮೂರು ತಿಂಗಳೊಳಗೆ ಸಾಲ ಕೊಟ್ಟವರೇ ನಿಮ್ಮ ಮೇಲೆ ದಿವಾಳಿ ಅರ್ಜಿ ಹಾಕಬಹುದು. ಇಸಿ (ಆಸ್ತಿಯ ಋಣಭಾರ ಪತ್ರ) ತೆಗೆಸಿದರೆ ದಾನಪತ್ರದ ತಾರೀಖು ಎಲ್ಲರಿಗೂ ಕಾಣುತ್ತದೆ.

ಇದೆಲ್ಲ ಹೆದರಿಸುವ ಮಾತಾಯಿತು. ಅದಕ್ಕಿಂತ ಮುಖ್ಯವಾದ ಲೆಕ್ಕ ಒಂದಿದೆ. ಪೆನ್ನು ಹಿಡಿದು ಕೂತು ನೋಡಿ.

ಮನೆ ಸಾಲ ಬದಿಗಿಡಿ, ಅದಕ್ಕೆ ಮನೆಯೇ ಇದೆ. ಅಡವಿಲ್ಲದ ಸಾಲ 5, 2, 6, 3, 4 ಲಕ್ಷ, ಮೇಲೆ 80 ಸಾವಿರ. ಒಟ್ಟು 20 ಲಕ್ಷ 80 ಸಾವಿರ. ಈ ಕಾಯ್ದೆಯ 42ನೇ ಕಲಮಿನಲ್ಲಿ ಡಿಸ್ಚಾರ್ಜನ್ನು ಪೂರ್ತಿಯಾಗಿ ಕೊಡದಿರಲು ಕಾರಣಗಳ ಒಂದು ಪಟ್ಟಿ ಇದೆ. ಮೊದಲ ಕಾರಣವೇ, ಅಡವಿಲ್ಲದ ಸಾಲಕ್ಕೆ ರೂಪಾಯಿಗೆ ಎಂಟಾಣೆಯಷ್ಟೂ ಆಸ್ತಿ ಇಲ್ಲದಿರುವುದು. ಹೌದು, ಎಂಟಾಣೆ. ಆಣೆ ಲೆಕ್ಕ 1957ರಲ್ಲೇ ಹೋಯಿತು, ಈ ಕಾಯ್ದೆಗೆ ಯಾರೂ ಹೇಳಲಿಲ್ಲ ಅಂತ ಕಾಣುತ್ತದೆ. ನಿಮ್ಮ ಸಾಲದ ಅರ್ಧ ಅಂದರೆ 10 ಲಕ್ಷ 40 ಸಾವಿರ. ಸೈಟು ನಿಮ್ಮ ಹೆಸರಲ್ಲೇ ಇದ್ದರೆ ಅದೊಂದೇ 12 ಲಕ್ಷ, ಸರಕು ಸೇರಿದರೆ 15. ಎಂಟಾಣೆಯ ಗೆರೆ ಆರಾಮಾಗಿ ದಾಟುತ್ತೀರಿ. ಸೈಟು ಬರೆದುಕೊಟ್ಟರೆ ಉಳಿಯುವುದು 3 ಲಕ್ಷದ ಸರಕು. ಆಸ್ತಿ ಕಡಿಮೆಯಾಗಿದ್ದು ನನ್ನ ತಪ್ಪಿನಿಂದಲ್ಲ ಅಂತ ಕೋರ್ಟಿಗೆ ಒಪ್ಪಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ದಾನಪತ್ರಕ್ಕೆ ನೀವೇ ಸಹಿ ಹಾಕಿದ ಮೇಲೆ ಹಾಗೆ ಹೇಳುವುದು ಹೇಗೆ? ನೀವು ಮುಚ್ಚಿಡಬೇಕು ಅಂದುಕೊಂಡ ಸೈಟೇ ನಿಮ್ಮನ್ನು ಹೊರಗೆ ತರುವ ಕೀಲಿಕೈ.

ಮಾವನವರ ವಿಷಯ. ಮಾವನ ಮನೆಯ ದುಡ್ಡು ಮೊದಲು ಮುಟ್ಟಿಸಬೇಕು ಅನ್ನುವ ಸಂಕಟ ನನಗೆ ಅರ್ಥವಾಗುತ್ತದೆ. ಕೋರ್ಟಿಗೆ ಮಾತ್ರ ಮಾವನವರೂ ಒಬ್ಬ ಸಾಲಗಾರ, ಸಗಟು ವ್ಯಾಪಾರಿಯೂ ಒಬ್ಬ ಸಾಲಗಾರ. ಎಲ್ಲರಿಗೂ ಕೊಡಲು ಆಗದ ಸ್ಥಿತಿಯಲ್ಲಿ ಒಬ್ಬರಿಗೆ ಮಾತ್ರ ಅನುಕೂಲ ಮಾಡಬೇಕು ಅಂತ ಕೊಟ್ಟು, ಮೂರು ತಿಂಗಳೊಳಗೆ ಐಪಿ ಬಂದರೆ, ಆ ಪಾವತಿ ರಿಸೀವರ್ ಎದುರು ನಿಲ್ಲುವುದಿಲ್ಲ. ಅಂದರೆ ಮಾವನವರು ಆ ದುಡ್ಡನ್ನು ವಾಪಸು ತಂದುಕೊಡಬೇಕಾಗುತ್ತದೆ. ಜೊತೆಗೆ ಅದೇ 42ನೇ ಕಲಮಿನ ಪಟ್ಟಿಯಲ್ಲಿ ನಿಮ್ಮ ಎದುರು ಇನ್ನೊಂದು ಕಾರಣ ಸೇರುತ್ತದೆ. ಕೊಡದೆ ಇದ್ದಿದ್ದಕ್ಕಿಂತ ಕೊಟ್ಟು ಕಸಿದುಕೊಂಡಿದ್ದು ಬಂಧುಗಳಲ್ಲಿ ಜಾಸ್ತಿ ಕಹಿ ಆಗುತ್ತೆ, ನೋಡಿದ್ದೇನೆ.

ಸಾಲಗಾರರ ಪಟ್ಟಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಒಮ್ಮೆ ಒಬ್ಬರು ತಮ್ಮ ಪಟ್ಟಿಯನ್ನು ಮದುವೆ ಕಾಗದದ ಹಿಂಬದಿಯಲ್ಲಿ ಬರೆದು ತಂದಿದ್ದರು. ನೀಲಿ ಇಂಕು, ಒಂಬತ್ತು ಹೆಸರು, ಎದುರಿಗೆ ಮೊತ್ತ. ‘ಇಷ್ಟೇನಾ?’ ಅಂದೆ. ‘ಇಷ್ಟೇ ಸಾರ್.’ ಫೋನ್ ತೆಗೆಸಿ ಹಿಂದಿನ ಆರು ತಿಂಗಳ ಪಾವತಿ ಒಂದೊಂದಾಗಿ ಸರಿಸುತ್ತಾ ಬಂದೆವು. ಪ್ರತಿ ತಿಂಗಳು 5ನೇ ತಾರೀಖು ಒಬ್ಬರಿಗೆ 4,000 ಹೋಗುತ್ತಿತ್ತು. ಇದ್ಯಾರು? ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದು ಬಡ್ಡಿ ಸಾರ್, ಅವರನ್ನ ಕೋರ್ಟಿಗೆ ಎಳೆಯೋದು ಬೇಡ, ಹೊರಗೇ ನೋಡ್ಕೋತೀನಿ’ ಅಂದರು. ಅಂಥ ಹೆಸರು ಇನ್ನೂ ಮೂರು ಸಿಕ್ಕವು. ಹೊರಗೇ ನೋಡಿಕೊಳ್ಳುವುದು ಅಂತ ಇಲ್ಲಿ ಇಲ್ಲ. ನಿಮಗೆ ಗೊತ್ತಿರುವ, ವಿಚಾರಿಸಿದರೆ ಗೊತ್ತಾಗುವ ಪ್ರತಿ ಸಾಲಗಾರನ ಹೆಸರು, ವಿಳಾಸ, ಮೊತ್ತ ಅರ್ಜಿಯಲ್ಲೇ ಇರಬೇಕು. ಬಿಟ್ಟುಹೋದವನು ಮುಂದೆ ಕೋರ್ಟಿನಲ್ಲಿ ಎದ್ದು ನಿಂತು ‘ನನ್ನನ್ನ ಮುಚ್ಚಿಟ್ಟಿದ್ದಾರೆ’ ಅಂದರೆ, ನೀವು ನಿಜ ಹೇಳಿದ ಒಂಬತ್ತು ಹೆಸರೂ ಸುಳ್ಳಿನ ಹಾಗೆ ಕಾಣುತ್ತವೆ.

ಆಸ್ತಿ ಪಟ್ಟಿಯೂ ಹಾಗೆಯೇ. ಅಣ್ಣತಮ್ಮಂದಿರ ಜೊತೆ ಪಾಲಾಗದ ಪಿತ್ರಾರ್ಜಿತವಿದ್ದರೆ ನಿಮ್ಮ ಪಾಲು ಬರೆಯಿರಿ. ಗಾಡಿ, ಎಲ್‌ಐಸಿ, ಕೊಟ್ಟಿರುವ ಕೈಸಾಲ, ಬರಬೇಕಾದ ಉದ್ರಿ, ಎಲ್ಲ ಬರೆಯಿರಿ. ಬರೆದ ಮಾತ್ರಕ್ಕೆ ಎಲ್ಲವೂ ಹೋಗುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿ ಜಪ್ತಿ ಮಾಡಬಾರದ ವಸ್ತುಗಳಿವೆ: ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕಸುಬುದಾರನ ಸಲಕರಣೆ, ಪಿಎಫ್, ಜೀವ ವಿಮೆಯ ಹಣ. ಧರ್ಮದ ಪದ್ಧತಿಯಂತೆ ಹೆಂಗಸರು ಮೈಯಿಂದ ತೆಗೆಯಬಾರದ ಒಡವೆಯೂ ಆ ಪಟ್ಟಿಯಲ್ಲಿದೆ. ತಾಳಿಯನ್ನೂ ಬಿಡಲ್ಲ ಅಂತ ವಸೂಲಿಯವರು ಹೆದರಿಸಿದರೆ ಈ ಕಲಮು ನೆನಪಿರಲಿ. ಇನ್ನು ನಿಮ್ಮ ಪತ್ನಿಯ ತವರಿನಿಂದ ಬಂದ ಒಡವೆ ಅವರದ್ದೇ, ಅದು ನಿಮ್ಮ ಆಸ್ತಿ ಪಟ್ಟಿಗೆ ಬರುವುದೇ ಇಲ್ಲ.

ಅಂಗಡಿಯ ಲೆಕ್ಕದ ಪುಸ್ತಕ ಎಲ್ಲಿದೆ? ದಿವಾಳಿಗೆ ಹಿಂದಿನ ಮೂರು ವರ್ಷ ಸರಿಯಾದ ಲೆಕ್ಕ ಇಡದಿದ್ದರೆ ಅದೂ ಡಿಸ್ಚಾರ್ಜಿಗೆ ಅಡ್ಡ ಬರುತ್ತದೆ. ಸಣ್ಣ ಅಂಗಡಿಯವರು ಇಲ್ಲಿ ತಲೆ ಕೆರೆದುಕೊಳ್ಳುತ್ತಾರೆ. ಗಾಬರಿ ಬೇಡ. ಬ್ಯಾಂಕ್ ಸ್ಟೇಟ್‌ಮೆಂಟು, ಗಲ್ಲಾಪೆಟ್ಟಿಗೆ ಮೇಲಿನ ಕ್ಯೂಆರ್ ಕೋಡಿನ ವ್ಯವಹಾರ, ಜಿಎಸ್‌ಟಿ ರಿಟರ್ನು, ಸಗಟು ಬಿಲ್ಲು, ಉದ್ರಿ ಪುಸ್ತಕ, ಎಲ್ಲ ಒಂದು ಕಡೆ ಸೇರಿಸಿ. ಹರಿದುಹೋಗಿದ್ದರೆ ಹಾಗೇ ಇರಲಿ. ಹೊಸ ಪುಸ್ತಕ ತಂದು ಒಂದೇ ಪೆನ್ನಿನಲ್ಲಿ ಮೂರು ವರ್ಷದ ಲೆಕ್ಕ ಬರೆಯಲು ಮಾತ್ರ ಕೂರಬೇಡಿ. ಮೋಸದ ಉದ್ದೇಶದಿಂದ ಸುಳ್ಳು ಲೆಕ್ಕ ಬರೆದರೆ, ದಾಖಲೆ ನಾಶ ಮಾಡಿದರೆ ಒಂದು ವರ್ಷದವರೆಗೆ ಜೈಲು.

ಐಪಿಯಿಂದ ಏನೇನು ಹೋಗುವುದಿಲ್ಲ ಅನ್ನುವುದೂ ತಿಳಿದಿರಲಿ. ಮನೆ ಅಡ ಇಟ್ಟುಕೊಂಡ ಬ್ಯಾಂಕು ದಿವಾಳಿ ಪ್ರಕರಣದ ಹೊರಗೇ ನಿಂತು ತನ್ನ ಅಡವನ್ನು ಮಾರಿಕೊಳ್ಳಬಹುದು. 2002ರ ಸರ್ಫೇಸಿ ಕಾಯ್ದೆಯಲ್ಲಿ 60 ದಿನದ ನೋಟಿಸು ಕೊಟ್ಟು ಮುಂದುವರಿಯುತ್ತದೆ, ಐಪಿ ಅದನ್ನು ತಡೆಯುವುದಿಲ್ಲ. ಜಿಎಸ್‌ಟಿ ಸರ್ಕಾರದ ಬಾಕಿ, ಡಿಸ್ಚಾರ್ಜ್ ಆದರೂ ಉಳಿಯುತ್ತದೆ. ಮೋಸದಿಂದ ತಂದ ಸಾಲ ಉಳಿಯುತ್ತದೆ. ಕೋರ್ಟು ವಿಧಿಸಿದ ಜೀವನಾಂಶ ಉಳಿಯುತ್ತದೆ. ನಿಮ್ಮ ಭಾವಮೈದನ ಶ್ಯೂರಿಟಿಯೂ ಉಳಿಯುತ್ತದೆ. ನೀವು ಬಿಡುಗಡೆ ಆದರೂ ಅವರು ಆಗುವುದಿಲ್ಲ. ಹಾಗಾಗಿ ಚೀಟಿಯವರ ಜೊತೆ ಕಂತಿನ ಮಾತುಕತೆಗೆ ಭಾವಮೈದನನ್ನು ಈಗಲೇ ಕೂರಿಸಿಕೊಳ್ಳಿ.

ಚೆಕ್ಕಿನ ವಿಷಯ ತುರ್ತಿನದು. ಚೆಕ್ ಬೌನ್ಸ್ ಕ್ರಿಮಿನಲ್ ಪ್ರಕರಣ, ಎರಡು ವರ್ಷದವರೆಗೆ ಜೈಲು, ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ. ಐಪಿ ಹಾಕಿದ್ದೇನೆ ಅಂದರೆ ಅದು ನಿಲ್ಲುವುದಿಲ್ಲ. ಐಬಿಸಿಯ ಕೆಳಗೆ ಬರುವ ಜಾಮೀನುದಾರರಿಗೂ ಅಲ್ಲಿನ ತಡೆ ಚೆಕ್ ಪ್ರಕರಣಕ್ಕೆ ಅನ್ವಯಿಸದು ಅಂತ 2025ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಚೆಕ್ಕು ಇನ್ನೂ ಬ್ಯಾಂಕಿಗೆ ಹೋಗಿಲ್ಲದಿದ್ದರೆ ಸಗಟು ವ್ಯಾಪಾರಿ ಹತ್ತಿರ ನಾಳೆಯೇ ಮಾತಾಡಿ. ಬೌನ್ಸ್ ಆಗಿ ನೋಟಿಸು ಬಂದರೆ ದುಡ್ಡು ಕಟ್ಟಲು ಅದು ಕೈಗೆ ಸಿಕ್ಕ ದಿನದಿಂದ 15 ದಿನ ಇರುತ್ತದೆ. ನೋಟಿಸು ತೆಗೆದುಕೊಳ್ಳದೆ ಪೋಸ್ಟ್‌ಮ್ಯಾನ್‌ನನ್ನು ವಾಪಸು ಕಳಿಸುವ ಹಳೇ ಉಪಾಯ ನಡೆಯುವುದಿಲ್ಲ.

ಅರ್ಜಿ ಹಾಕಿದ ಮರುದಿನದಿಂದ ಫೋನು ನಿಲ್ಲುತ್ತೆ ಅಂತಲೂ ಅಂದುಕೊಳ್ಳಬೇಡಿ. ಈ ಹಳೇ ಕಾಯ್ದೆಯಲ್ಲಿ ಬರೀ ಅರ್ಜಿಗೆ ತಡೆ ಇಲ್ಲ, ದಿವಾಳಿ ಆದೇಶ ಆಗಬೇಕು. ಬಂಧನದಿಂದ ರಕ್ಷಣೆಗೆ ಬೇರೆಯಾಗಿ ಕೇಳಬೇಕು. ವಸೂಲಿಯವರ ಕಾಟಕ್ಕೆ ಬೇರೆ ದಾರಿಗಳಿವೆ: ಬ್ಯಾಂಕಿನ ವಸೂಲಿ ಏಜೆಂಟರು ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ.

ಅರ್ಜಿ ಒಮ್ಮೆ ಹಾಕಿದ ಮೇಲೆ ಕೋರ್ಟಿನ ಅನುಮತಿ ಇಲ್ಲದೆ ಹಿಂದಕ್ಕೆ ತೆಗೆದುಕೊಳ್ಳಲೂ ಆಗುವುದಿಲ್ಲ. ಆದೇಶದಲ್ಲಿ ಡಿಸ್ಚಾರ್ಜಿಗೆ ಯಾವ ದಿನದೊಳಗೆ ಅರ್ಜಿ ಕೊಡಬೇಕು ಅಂತ ಬರೆದಿರುತ್ತದೆ. ಜನ ಮರೆಯುವುದು ಇದನ್ನೇ. ದಿವಾಳಿ ಆದೇಶ ಸಿಕ್ಕಿತು, ಕಾಟ ಕಡಿಮೆಯಾಯಿತು, ವಕೀಲರಿಗೆ ಕೊಡಲು ದುಡ್ಡಿಲ್ಲ, ಕೋರ್ಟಿನ ಕಡೆ ಹೋಗುವುದೇ ನಿಂತಿತು. ಆ ಅವಧಿ ಮುಗಿದರೆ ದಿವಾಳಿ ಆದೇಶವೇ ರದ್ದಾಗುತ್ತದೆ. ಸಾಲಗಾರರು ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತಾರೆ. ಮತ್ತೆ ಐಪಿ ಹಾಕಲು ಕೋರ್ಟಿನ ಅಪ್ಪಣೆ ಬೇಕು. ಆ ತಾರೀಖನ್ನು ಅಡುಗೆಮನೆ ಕ್ಯಾಲೆಂಡರಿನಲ್ಲಿ ಕೆಂಪು ಇಂಕಿನಲ್ಲಿ ಬರೆಯಿರಿ.

ಡಿಸ್ಚಾರ್ಜ್ ಆಗುವ ತನಕ ಬದುಕು ಹೇಗಿರುತ್ತದೆ ಅಂತಲೂ ಕೇಳಿ. ಈ ನಡುವೆ ನಿಮಗೆ ತಂದೆಯ ಕಡೆಯಿಂದ ಆಸ್ತಿ ಬಂದರೆ ಅದೂ ರಿಸೀವರ್ ಕೈಗೆ. ಕಂಪನಿಯ ಡೈರೆಕ್ಟರ್ ಆಗುವ ಹಾಗಿಲ್ಲ, ಶಾಸಕ ಸಂಸದ ಆಗುವ ಹಾಗಿಲ್ಲ (ಅದು ನಿಮ್ಮ ಯೋಚನೆಯಲ್ಲಿ ಇಲ್ಲ ಅಂದುಕೊಂಡಿದ್ದೇನೆ). ನಾನು ದಿವಾಳಿ ಅಂತ ಹೇಳದೆ ಯಾರ ಹತ್ತಿರವಾದರೂ 50 ರೂಪಾಯಿ ಅಥವಾ ಹೆಚ್ಚು ಸಾಲ ಪಡೆದರೆ ಆರು ತಿಂಗಳವರೆಗೆ ಜೈಲಾಗಬಹುದು. 1920ರಲ್ಲಿ 50 ರೂಪಾಯಿ ದೊಡ್ಡ ಮೊತ್ತ. ಇವತ್ತು ನಿಮ್ಮೂರಲ್ಲಿ ಅಷ್ಟಕ್ಕೆ ಒಂದು ಬೆಣ್ಣೆ ದೋಸೆ ಬಂದರೆ ಹೆಚ್ಚು. ಕಾಯ್ದೆಯ ಮಾತನ್ನೇ ಹಿಡಿದು ಹೊರಟರೆ ಕಿರಾಣಿ ಅಂಗಡಿಯ ಖಾತೆಯೂ ಅದರೊಳಗೆ ಬರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಸಲಹೆ: ನಿಮ್ಮ ಅಂಕಿಗಳನ್ನು ನೋಡಿದರೆ ಐಪಿ ನಿಮಗೆ ಮೊದಲನೇ ದಾರಿ ಅಲ್ಲ. ಸೈಟನ್ನು ಮಾರುಕಟ್ಟೆ ಬೆಲೆಗೆ, ಹೊರಗಿನವರಿಗೆ, ಬ್ಯಾಂಕ್ ಮೂಲಕವೇ ದುಡ್ಡು ಪಡೆದು ಮಾರಿ. ಅದನ್ನು ಮುಂದಿಟ್ಟುಕೊಂಡು ಪರ್ಸನಲ್ ಲೋನ್, ಕ್ರೆಡಿಟ್ ಕಾರ್ಡಿನವರ ಹತ್ತಿರ ಒನ್ ಟೈಮ್ ಸೆಟಲ್‌ಮೆಂಟ್, ಅಂದರೆ ಒಪ್ಪಿದ ಮೊತ್ತ ಒಂದೇ ಸಲ ಕಟ್ಟಿ ಸಾಲ ಮುಗಿಸುವುದನ್ನು, ಕೇಳಿ. ಒಪ್ಪಿದ್ದನ್ನು ಕಾಗದದ ಮೇಲೆ ಪಡೆಯದೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಸಿಬಿಲ್ ಸ್ಕೋರು ಕೆಡುತ್ತದೆ, ಈಗಾಗಲೇ ಕೆಟ್ಟಿರುತ್ತದೆ ಬಿಡಿ. ಯಾರಿಗೆ ಎಷ್ಟು ಕೊಡುತ್ತೀರಿ ಅನ್ನುವುದರಲ್ಲಿ ಒಂದು ಹದ ಇರಲಿ, ನಾಳೆ ಐಪಿ ಹಾಕಲೇಬೇಕಾಗಿ ಬಂದರೆ ಅದೇ ನಿಮ್ಮ ಸಾಕ್ಷಿ. ವಕೀಲರ ಫೀಸಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ನಿಮಗೆ ಉಚಿತ ನೆರವು ಸಿಗುತ್ತದೆಯೇ ಕೇಳಿ. 15100ಕ್ಕೆ ಫೋನ್ ಮಾಡಿದರೂ ಹೇಳುತ್ತಾರೆ. ಸೆಟಲ್‌ಮೆಂಟಿಗೆ ಯಾರೂ ಬಗ್ಗದೆ, ಒಬ್ಬರು ಡಿಕ್ರಿ (ಕೋರ್ಟಿನ ತೀರ್ಪು) ತಂದು ಜಪ್ತಿಗೆ ಬಂದರೆ, ಆಗ ಐಪಿ ಹಾಕಿ. ಆಗ ಅದು ನಿಜವಾಗಿ ಕೆಲಸಕ್ಕೆ ಬರುತ್ತದೆ.

ಕೊನೆಗೆ, ಊರಲ್ಲಿ ಗೊತ್ತಾಗದ ಹಾಗೆ ಮಾಡೋಕೆ ಆಗುತ್ತಾ ಅಂತ ಕೇಳಿದ್ದೀರಿ. ಆಗುವುದಿಲ್ಲ. ಐಪಿ ಹಾಕಿದರೆ ವಿಚಾರಣೆಯ ನೋಟಿಸು ಪ್ರತಿ ಸಾಲಗಾರನಿಗೂ ಹೋಗುತ್ತದೆ, ದಿವಾಳಿ ಆದೇಶ ಗೆಜೆಟ್ಟಿನಲ್ಲಿ ಅಚ್ಚಾಗುತ್ತದೆ. ನೋಟಿಸು ಹೋಗುವವರಲ್ಲಿ ನಿಮ್ಮ ಮಾವನವರೂ ಒಬ್ಬರು. ಕೋರ್ಟಿನ ಲಕೋಟೆ ಅವರ ಮನೆ ಬಾಗಿಲಿಗೆ ಬರುವ ಮೊದಲು, ನೀವೂ ನಿಮ್ಮ ಪತ್ನಿಯೂ ಒಂದು ಭಾನುವಾರ ಹೋಗಿ ಕೂತು ಹೇಳಿಬಿಡಿ.